ಆಂಗಲ್‌ಸೀ ದ್ವೀಪದ ಕೆಂಪು ಅಳಿಲು: ಹದಿನೈದು ವರ್ಷ ನಡೆದ ಬೋನಿನ ಕೆಲಸ

ವೇಲ್ಸ್‌ನ ವಾಯವ್ಯ ತುದಿಯಲ್ಲಿರುವ ಆಂಗಲ್‌ಸೀ ದ್ವೀಪದಲ್ಲಿ 1998ರ ಹೊತ್ತಿಗೆ ಉಳಿದಿದ್ದ ವಯಸ್ಕ ಕೆಂಪು ಅಳಿಲುಗಳು ಸುಮಾರು 40. ಅವೆಲ್ಲ ಪೆಂಟ್ರೈತ್ ಊರಿನ ಮೇಲಿನ ಗುಡ್ಡದ ಪೈನ್ ಕಾಡಿನಲ್ಲಿದ್ದವು. ದ್ವೀಪದ ಬೇರೆ ಎಲ್ಲ ಕಾಡು, ತೋಪು, ಹಿತ್ತಿಲುಗಳು ಬೂದು ಅಳಿಲಿನ ವಶವಾಗಿದ್ದವು. 2013ಕ್ಕೆ ಬರುವಷ್ಟರಲ್ಲಿ ದ್ವೀಪದಲ್ಲಿ ಬೂದು ಅಳಿಲಿನ ಸಂತತಿಯೇ ಇಲ್ಲವಾಗಿತ್ತು. ಕೆಂಪು ಅಳಿಲಿನ ಎಣಿಕೆ ಮುಂದೆ 700ರ ಆಸುಪಾಸಿಗೆ ಏರಿತು.

ಈ ಎರಡು ಅಂಕಿಗಳ ನಡುವೆ ತೆಗೆದುಕೊಂಡ ತೀರ್ಮಾನಗಳೇ ಈ ಪ್ರಕರಣದ ವಿಷಯ. ಜಮೀನುದಾರರು, ಬೋನಿಟ್ಟವರು, ಹಣ ಕೊಟ್ಟ ಸಂಸ್ಥೆಗಳು, ಇವರಲ್ಲಿ ಯಾರ ಹೆಸರನ್ನೂ ಇಲ್ಲಿ ಬಳಸಿಲ್ಲ. ಜಾಗದ ಹೆಸರುಗಳನ್ನು ಮಾತ್ರ ಉಳಿಸಿಕೊಂಡಿದೆ, ಏಕೆಂದರೆ ಇಲ್ಲಿ ಭೂಗೋಳವನ್ನು ಮರೆಮಾಡಿದರೆ ಪ್ರಕರಣದ ಅರ್ಧ ಅರ್ಥವಾಗುವುದಿಲ್ಲ.

ಹಿನ್ನೆಲೆ

ಇಲ್ಲಿ ಹೇಳುತ್ತಿರುವ ಕೆಂಪು ಅಳಿಲು ನಮ್ಮ ಮಲೆನಾಡಿನ ಕೆಂಜಳಿಲಲ್ಲ. ಇದು ಯೂರೋಪಿನಿಂದ ಪೂರ್ವ ಏಷ್ಯಾದವರೆಗೆ ಹಬ್ಬಿರುವ ಸಣ್ಣ ಪ್ರಾಣಿ, ತೂಕ 300 ಗ್ರಾಂ ಆಸುಪಾಸು. ಬ್ರಿಟನ್ನಿನ ಮೂಲ ಅಳಿಲು ಇದೊಂದೇ. ಬೂದು ಅಳಿಲು ಉತ್ತರ ಅಮೆರಿಕದ ಪೂರ್ವ ಭಾಗದ್ದು, ತೂಕ 500ರಿಂದ 600 ಗ್ರಾಂ. 1876ರಲ್ಲಿ ಇಂಗ್ಲೆಂಡಿನ ಚೆಷೈರ್ ಕೌಂಟಿಯ ಒಂದು ಎಸ್ಟೇಟಿನಲ್ಲಿ ಅದನ್ನು ಬಿಟ್ಟದ್ದು ಸಾಮಾನ್ಯವಾಗಿ ಉಲ್ಲೇಖವಾಗುವ ಮೊದಲ ಘಟನೆ. ಅಂದದ ಪ್ರಾಣಿ ತೋಟದಲ್ಲಿ ಓಡಾಡಿಕೊಂಡಿರಲಿ ಎಂಬುದು ಬಿಟ್ಟವರ ಆಸೆ. ಮುಂದಿನ ಐವತ್ತು ವರ್ಷ ಹತ್ತಾರು ಕಡೆ ಇದೇ ನಡೆಯಿತು. ಆಮದು ಮತ್ತು ಸಾಕಣೆಗೆ ನಿಷೇಧ ಬಂದದ್ದು 1937ರಲ್ಲಿ, ಪ್ರಾಣಿ ದೇಶದ ಉದ್ದಗಲ ಹಬ್ಬಿದ ಮೇಲೆ.

ಅಂದಕ್ಕೆಂದು ಪ್ರಾಣಿಗಳನ್ನು ಸಾಗಿಸುವ ಈ ಚಟಕ್ಕೆ ನಮ್ಮ ಅಳಿಲೂ ಹೊರತಲ್ಲ. ಭಾರತದ ಐದು ಗೆರೆಯ ಅಳಿಲನ್ನು 1898ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಒಯ್ದರು. ಅಲ್ಲಿ ಅದು ಇಂದಿಗೂ ಪರದೇಶಿ ಜೀವಿಯೇ.

1953ರಿಂದ 1958ರವರೆಗೆ ಬ್ರಿಟಿಷ್ ಸರ್ಕಾರ ಬೂದು ಅಳಿಲಿನ ಒಂದೊಂದು ಬಾಲಕ್ಕೆ ಮೊದಲು ಒಂದು ಶಿಲಿಂಗ್, ಆಮೇಲೆ ಎರಡು ಶಿಲಿಂಗ್ ಇನಾಮು ಕೊಟ್ಟಿತು. ಲಕ್ಷಗಟ್ಟಲೆ ಬಾಲಗಳು ಬಂದವು, ಅಳಿಲಿನ ಹಬ್ಬುವಿಕೆ ನಿಲ್ಲಲಿಲ್ಲ. ಕಾರಣ ಸರಳ. ತಲೆಗಿಷ್ಟು ದುಡ್ಡು ಸಿಗುವಾಗ ಬೇಟೆಗಾರ ಅಳಿಲು ದಟ್ಟವಾಗಿರುವ ಕಡೆ ಹೋಗುತ್ತಾನೆ. ನಾಲ್ಕೇ ನಾಲ್ಕು ಉಳಿದಿರುವ ಕಾಡಿಗೆ ಅವನು ಕಾಲಿಡುವುದಿಲ್ಲ. ಕೊಂದ ಅಳಿಲನ್ನು ಎಣಿಸುವ ಯೋಜನೆಗೂ ಉಳಿದ ಅಳಿಲನ್ನು ಎಣಿಸುವ ಯೋಜನೆಗೂ ಇರುವ ಈ ವ್ಯತ್ಯಾಸ ಆಂಗಲ್‌ಸೀಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಆಂಗಲ್‌ಸೀ ಸುಮಾರು 710 ಚದರ ಕಿಲೋಮೀಟರಿನ, ಹೆಚ್ಚಾಗಿ ಹುಲ್ಲುಗಾವಲಿನ ನಾಡು. ಕಾಡು ಅಲ್ಲಲ್ಲಿ ಚೂರುಚೂರು. ಮುಖ್ಯನಾಡಿಗೂ ಅದಕ್ಕೂ ನಡುವೆ ಮೆನೈ ಜಲಸಂಧಿ ಇದೆ, ಕೆಲವು ಕಡೆ ಅರ್ಧ ಕಿಲೋಮೀಟರಿಗೂ ಕಿರಿದು. ಅದರ ಮೇಲೆ ಎರಡು ಸೇತುವೆಗಳು: 1826ರ ತೂಗುಸೇತುವೆ, 1850ರ ಬ್ರಿಟಾನಿಯಾ ಸೇತುವೆ. ಬೂದು ಅಳಿಲು ದ್ವೀಪದಲ್ಲಿ ಕಾಣಿಸಿಕೊಂಡದ್ದು 1960ರ ದಶಕದಲ್ಲಿ. ಸೇತುವೆ ಮೇಲೆ ಓಡಿ ಬರುವುದು ಅದಕ್ಕೆ ಕಷ್ಟವಲ್ಲ. ಈಜಲೂ ಬರುತ್ತದೆ. ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಕೆಂಪು ಅಳಿಲು ಒಂದು ಗುಡ್ಡಕ್ಕೆ ಇಳಿಯಿತು.

ಬೂದು ಅಳಿಲು ಗೆಲ್ಲುವುದು ಹೇಗೆ

ಇದು ಕಾದಾಟದ ಗೆಲುವಲ್ಲ. ಎರಡೂ ಒಂದೇ ಮರದಲ್ಲಿ ಎದುರಾದರೆ ಹೆಚ್ಚಿನ ಸಲ ತಮ್ಮಷ್ಟಕ್ಕೆ ಹೋಗುತ್ತವೆ. ಗೆಲುವು ಆಗುವುದು ಊಟದಲ್ಲಿ, ಮರಿಗಳಲ್ಲಿ ಮತ್ತು ರೋಗದಲ್ಲಿ.

ಓಕ್ ಕಾಯಿಯಲ್ಲಿ ಒಗರು ಅಂಶ ಜಾಸ್ತಿ. ಬೂದು ಅಳಿಲು ಅದನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ, ಕೆಂಪು ಅಳಿಲಿಗೆ ಅಷ್ಟು ಆಗದು. ಹಾಗಾಗಿ ಅಗಲ ಎಲೆಯ ಕಾಡಿನಲ್ಲಿ ಬೂದು ಅಳಿಲು ಕೆಂಪಿನ ಹಲವು ಪಟ್ಟು ದಟ್ಟವಾಗಿ ಬೆಳೆಯುತ್ತದೆ. ಸಾಲದ್ದಕ್ಕೆ, ಕೆಂಪು ಅಳಿಲು ಶರತ್ಕಾಲದಲ್ಲಿ ನೆಲದಲ್ಲಿ ಹುಗಿದಿಟ್ಟ ಬೀಜಗಳನ್ನು ಬೂದು ಅಳಿಲು ಅಗೆದು ತಿನ್ನುತ್ತದೆ. ಚಳಿಗಾಲ ಕಳೆದು ವಸಂತ ಬರುವಾಗ ಹೆಣ್ಣು ಕೆಂಪು ಅಳಿಲಿನ ತೂಕ ಕಡಿಮೆ ಇರುತ್ತದೆ. ತೂಕ ಇಲ್ಲದ ಹೆಣ್ಣು ಮರಿ ಹಾಕುವುದು ಕಡಿಮೆ, ಹಾಕಿದ ಮರಿಗಳಿಗೆ ನೆಲೆ ಸಿಗುವುದು ಇನ್ನೂ ಕಡಿಮೆ. ಹೊರಗಿನಿಂದ ನೋಡುವವರಿಗೆ ಏನೂ ಆಗುತ್ತಿಲ್ಲ ಎನಿಸುತ್ತದೆ, ಏಕೆಂದರೆ ಮುದಿ ಅಳಿಲುಗಳು ಕಾಣುತ್ತಲೇ ಇರುತ್ತವೆ. ಅವು ಸತ್ತ ವರ್ಷ ಕಾಡು ಖಾಲಿ.

ರೋಗದ ದಾರಿ ಇದಕ್ಕಿಂತ ವೇಗದ್ದು. ಅಳಿಲು ಸಿಡುಬಿನ ವೈರಸ್ಸನ್ನು ಬೂದು ಅಳಿಲು ಹೊತ್ತು ತಿರುಗುತ್ತದೆ, ತಾನು ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ಕೆಂಪು ಅಳಿಲಿಗೆ ತಗುಲಿದರೆ ಕಣ್ಣು, ಮೂತಿ, ಪಾದಗಳ ಸುತ್ತ ಹುಣ್ಣು ಏಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ತಿನ್ನಲಾಗದೆ ಎರಡು ಮೂರು ವಾರದೊಳಗೆ ಸಾಯುತ್ತದೆ. ಬ್ರಿಟನ್ನಿನಲ್ಲಿ ಸಿಡುಬು ಇರುವ ಕಡೆ ಕೆಂಪು ಅಳಿಲು ಜಾಗ ಬಿಟ್ಟುಕೊಡುವ ವೇಗ, ಬರೀ ಪೈಪೋಟಿ ಇರುವ ಕಡೆಗಿಂತ 17ರಿಂದ 25 ಪಟ್ಟು ಹೆಚ್ಚು ಎಂಬ ಲೆಕ್ಕವಿದೆ. ಹಾಗೆಂದು ಎಲ್ಲವನ್ನೂ ಸಿಡುಬಿನ ತಲೆಗೆ ಕಟ್ಟುವುದು ತಪ್ಪು. ಇಟಲಿಯ ಬೂದು ಅಳಿಲುಗಳಲ್ಲಿ ಈ ವೈರಸ್ ಕಂಡುಬಂದಿಲ್ಲ, ಅಲ್ಲಿಯೂ ಕೆಂಪು ಅಳಿಲು ಸೋಲುತ್ತಿದೆ, ನಿಧಾನವಾಗಿ ಅಷ್ಟೇ.

ಮೊದಲ ತೀರ್ಮಾನ: ಒಂದು ಕಾಡನ್ನು ಉಳಿಸುವುದು

ಕೈಯಲ್ಲಿದ್ದ ಹಣ ಕಡಿಮೆ, ಉಳಿದ ಅಳಿಲು ಒಂದೇ ಕಡೆ. ಆದ್ದರಿಂದ 1998ರಲ್ಲಿ ಕೆಲಸ ಶುರುವಾದದ್ದು ಪೆಂಟ್ರೈತ್ ಗುಡ್ಡ ಮತ್ತು ಅದರ ಸುತ್ತ. ಕಾಡಿನೊಳಗಿನ ಬೂದು ಅಳಿಲನ್ನು ತೆಗೆಯುವುದು, ಕೆಂಪಿಗೆ ಉಸಿರಾಡಲು ಜಾಗ ಕೊಡುವುದು. ತುರ್ತಿಗೆ ಇದು ಸರಿಯಾದ ಹೆಜ್ಜೆಯೇ. ಕೆಂಪು ಅಳಿಲು ಒಂದೆರಡು ಮರಿಗಾಲಗಳಲ್ಲೇ ಚೇತರಿಸಿಕೊಳ್ಳತೊಡಗಿತು.

ಆದರೆ ಬೋನಿಗೆ ಬೀಳುವ ಬೂದು ಅಳಿಲು ನಿಲ್ಲಲಿಲ್ಲ. ಒಂದು ಕಾಡಿನ ಬೂದು ಅಳಿಲನ್ನು ಪೂರ್ತಿ ತೆಗೆದರೆ ಕೆಲವೇ ವಾರಗಳಲ್ಲಿ ಪಕ್ಕದ ತೋಪಿನ ಎಳೆಯ ಅಳಿಲುಗಳು ಆ ಜಾಗ ತುಂಬುತ್ತವೆ. ಅವಕ್ಕೆ ನೆಲೆ ಬೇಕು, ಇಲ್ಲಿ ಖಾಲಿ ಇದೆ. ಮೂಲವನ್ನು ಮುಟ್ಟದೆ ಒಂದೇ ಕಾಡಿನಲ್ಲಿ ಬೋನಿಡುವುದು ಏರಿ ಒಡೆದ ಕೆರೆಯ ಕೆಳಗೆ ನಿಂತು ನೀರು ಮೊಗೆದಂತೆ. ವರ್ಷವರ್ಷವೂ ಅಷ್ಟೇ ಖರ್ಚು, ಅಷ್ಟೇ ಸಾವು, ಮುಗಿಯುವ ದಿನ ಮಾತ್ರ ಕಾಣದು. ಪ್ರಾಣಿದಯೆಯ ದೃಷ್ಟಿಯಿಂದ ನೋಡಿದರೂ ಇದು ಕೆಟ್ಟ ವ್ಯವಹಾರ. ಹತ್ತು ವರ್ಷದಲ್ಲಿ ಒಂದು ಸಲ ಪೂರ್ತಿ ತೆಗೆಯುವುದಕ್ಕಿಂತ ಐವತ್ತು ವರ್ಷ ಅರ್ಧರ್ಧ ತೆಗೆಯುವುದರಲ್ಲಿ ಸಾಯುವ ಅಳಿಲೇ ಹೆಚ್ಚು.

ಎರಡನೆಯ ತೀರ್ಮಾನ: ಇಡೀ ದ್ವೀಪ

ಪ್ರಕರಣದ ನಿಜವಾದ ತಿರುವು ಇದು. ಗುರಿಯನ್ನು ‘ಹತೋಟಿ’ಯಿಂದ ‘ನಿರ್ಮೂಲನ’ಕ್ಕೆ ಬದಲಿಸಲಾಯಿತು. ಕೇಳಲು ಮಾತಿನ ಬದಲಾವಣೆ ಎನಿಸಬಹುದು, ಆದರೆ ಇದರಿಂದ ಕೆಲಸದ ಸ್ವರೂಪವೇ ತಿರುಗಿತು. ಹತೋಟಿಯಲ್ಲಿ ಎಲ್ಲಿ ಅನುಕೂಲವೋ ಅಲ್ಲಿ ಬೋನಿಡಬಹುದು. ನಿರ್ಮೂಲನದಲ್ಲಿ ಒಂದು ತೋಪನ್ನೂ ಬಿಡುವ ಹಾಗಿಲ್ಲ. ಹುಟ್ಟುವುದಕ್ಕಿಂತ ವೇಗವಾಗಿ ತೆಗೆಯಬೇಕು, ಎಲ್ಲ ಅಳಿಲೂ ಬೋನಿನ ವ್ಯಾಪ್ತಿಗೆ ಬರಬೇಕು, ಹೊರಗಿನಿಂದ ಬರುವುದನ್ನು ತಡೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಾಕಿದ ಹಣ ನೀರುಪಾಲು.

ದ್ವೀಪದ ಭೂಗೋಳ ಇಲ್ಲಿ ಕೈಹಿಡಿಯಿತು. ಕಾಡು ಚೂರುಚೂರಾಗಿದ್ದರಿಂದ ಒಂದೊಂದನ್ನೇ ಮುಗಿಸಿ ಮುಂದಕ್ಕೆ ಸರಿಯಬಹುದಿತ್ತು. ಒಂದು ಕಾಡಿನಿಂದ ಇನ್ನೊಂದಕ್ಕೆ ಅಳಿಲು ಹೋಗುವುದು ಹೆಚ್ಚಾಗಿ ಹೊಲದ ಅಂಚಿನ ಗಿಡಬೇಲಿ, ಹಳ್ಳದ ಸಾಲುಮರಗಳ ಮೂಲಕ. ಆ ದಾರಿಗಳಲ್ಲಿ ಬೋನಿಟ್ಟರೆ ವಲಸೆಯನ್ನು ಅಲ್ಲೇ ಹಿಡಿಯಬಹುದು.

ಕೈ ಹಿಡಿಯದ ಸಂಗತಿ ಜಮೀನು. ಕಾಡಿನ ಬಹುಪಾಲು ಖಾಸಗಿ, ಹಿತ್ತಿಲುಗಳಂತೂ ಪೂರ್ತಿ ಖಾಸಗಿ. ಇಂಥ ಕಡೆ ಒಬ್ಬ ಮಾಲೀಕ ಒಪ್ಪದಿದ್ದರೆ ಅವನ ಎರಡು ಎಕರೆ ತೋಪು ಸುತ್ತಲಿನ ಇನ್ನೂರು ಎಕರೆಗೆ ಮರಿ ಸರಬರಾಜು ಮಾಡುತ್ತದೆ. ಒತ್ತಾಯಕ್ಕೆ ಇಲ್ಲಿ ಜಾಗವಿಲ್ಲ. ಅಂಥ ಜಮೀನಿನ ಗಡಿಗೆ ತಾಗಿ, ಒಪ್ಪಿದ ನೆರೆಯವರ ಕಡೆಯಿಂದ ಬೋನಿನ ಸಾಲು ಇಡುವುದು ಒಂದು ದಾರಿ. ಪಕ್ಕದ ಹಿತ್ತಿಲಿಗೆ ಕೆಂಪು ಅಳಿಲು ಬಂದು ಕಾಳು ತಿನ್ನುವುದನ್ನು ಕಣ್ಣಾರೆ ತೋರಿಸುವುದು ಇನ್ನೊಂದು. ಮುದ್ರಿಸಿದ ಯಾವ ಕರಪತ್ರಕ್ಕಿಂತಲೂ ಎರಡನೆಯದು ಹೆಚ್ಚು ಕೆಲಸ ಮಾಡುತ್ತದೆ. ಊರಿನ ಜನ ‘ಇಲ್ಲಿ ಬೂದು ಕಂಡೆ, ಅಲ್ಲಿ ಕೆಂಪು ಕಂಡೆ’ ಎಂದು ತಿಳಿಸತೊಡಗಿದ ಮೇಲೆ ದ್ವೀಪದ ಉದ್ದಗಲ ಸಂಬಳವಿಲ್ಲದ ಕಾವಲು ಸಿಕ್ಕಿತು.

ಬೋನಿನ ಕೆಲಸ, ಬಿಡಿಬಿಡಿಯಾಗಿ

ಕೆಂಪು ಅಳಿಲು ಇರುವ ನಾಡಿನಲ್ಲಿ ವಿಷ ಇಡುವಂತಿಲ್ಲ. ಹಿಡಿದೊಡನೆ ಕೊಲ್ಲುವ ಬೋನೂ ಅಪಾಯ, ಅದಕ್ಕೆ ಬೂದು ಯಾವುದು ಕೆಂಪು ಯಾವುದು ಗೊತ್ತಾಗದು. ಹಾಗಾಗಿ ಬ್ರಿಟನ್ನಿನಲ್ಲಿ ಇಂಥ ಕಡೆ ಮುಖ್ಯ ಸಾಧನ ಜೀವಂತ ಹಿಡಿಯುವ ತಂತಿಜಾಲರಿಯ ಬೋನು. ಉದ್ದ ಸುಮಾರು 60 ಸೆಂಟಿಮೀಟರ್, ಅಗಲ ಮತ್ತು ಎತ್ತರ 15ರಿಂದ 18. ಒಳಗೆ ತುಳಿಪಟ್ಟಿ, ಅದರ ಮೇಲೆ ಕಾಲಿಟ್ಟರೆ ಬಾಗಿಲು ಬೀಳುತ್ತದೆ.

ಬೋನನ್ನು ದಪ್ಪ ಮರದ ಬುಡದಲ್ಲಿ ಅಥವಾ ಮರಕ್ಕೆ ಎದೆಯೆತ್ತರದಲ್ಲಿ ಹೊಡೆದ ಹಲಗೆಯ ಮೇಲೆ ಇಡುತ್ತಾರೆ. ಎತ್ತರದಲ್ಲಿಟ್ಟರೆ ನಾಯಿ, ಮುಳ್ಳುಹಂದಿಯಂಥ ಸಣ್ಣ ಹೆಜ್‌ಹಾಗ್‌ಗಳ ಕಾಟ ಕಡಿಮೆ. ಹಲಗೆಗೆ ತಂತಿಯಿಂದ ಬಿಗಿಯದೇ ಬಿಟ್ಟರೆ ಸಿಕ್ಕಿಬಿದ್ದ ಅಳಿಲು ಒದ್ದಾಡಿ ಬೋನು ಸಮೇತ ಕೆಳಗೆ ಬೀಳುತ್ತದೆ. ಮೇಲ್ಭಾಗ ಮತ್ತು ಹಿಂಬದಿಯನ್ನು ಮರದ ತೊಗಟೆ, ಹಲಗೆ ಅಥವಾ ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು. ವೇಲ್ಸ್‌ನ ಮಳೆಯಲ್ಲಿ ನೆನೆದ ಅಳಿಲು ಒಂದೆರಡು ಗಂಟೆಯಲ್ಲೇ ಚಳಿಗೆ ಸಾಯಬಹುದು. ಅದು ಕೆಂಪು ಅಳಿಲಾಗಿದ್ದರೆ ಉಳಿಸಲು ಹೊರಟವರೇ ಕೊಂದಂತಾಯಿತು.

ಆಮಿಷಕ್ಕೆ ಇಡಿಯ ಮೆಕ್ಕೆಜೋಳ. ಬೂದು ಅಳಿಲು ಅದಕ್ಕೆ ಬೇಗ ಬರುತ್ತದೆ, ಕೆಂಪು ಅಷ್ಟಾಗಿ ಮುಟ್ಟುವುದಿಲ್ಲ. ಸೂರ್ಯಕಾಂತಿ ಬೀಜ, ಕಡಲೆಕಾಯಿ ಬೆರೆಸಿದರೆ ಹಿಡಿತ ಹೆಚ್ಚುತ್ತದೆ, ಜೊತೆಗೆ ಕೆಂಪು ಬೀಳುವುದೂ ಹೆಚ್ಚುತ್ತದೆ. ಎಷ್ಟು ಬೆರೆಸಬೇಕು ಎನ್ನುವುದು ಆ ಕಾಡಿನಲ್ಲಿ ಕೆಂಪು ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಕಾಯುವ ವಿಷಯದಲ್ಲಿ. ಮೊದಲ ಐದಾರು ದಿನ ಬಾಗಿಲನ್ನು ಮೇಲಕ್ಕೆ ಕಟ್ಟಿ ಬರೀ ಕಾಳು ಹಾಕಬೇಕು. ಅಳಿಲು ನಿರಾತಂಕವಾಗಿ ಒಳಗೆ ಹೋಗಿ ಬರುವುದು ರೂಢಿಯಾದ ಮೇಲೆ ಒಂದು ಬೆಳಗ್ಗೆ ಎಲ್ಲ ಬೋನನ್ನೂ ಒಟ್ಟಿಗೆ ಹೂಡಬೇಕು. ಅವಸರಪಟ್ಟು ಮೊದಲ ದಿನವೇ ಹೂಡಿದರೆ ಧೈರ್ಯದ ಎರಡು ಮೂರು ಅಳಿಲು ಬೀಳುತ್ತವೆ, ಉಳಿದವು ಬೋನಿನ ಹತ್ತಿರ ಸುಳಿಯುವುದಿಲ್ಲ. ಹೆಕ್ಟೇರಿಗೆ ಒಂದು ಬೋನು ಸಾಮಾನ್ಯ ಲೆಕ್ಕ, ಓಕ್ ದಟ್ಟವಾಗಿದ್ದರೆ ಅದಕ್ಕಿಂತ ಹೆಚ್ಚು.

ಹೂಡಿದ ಬೋನನ್ನು ದಿನಕ್ಕೆ ಎರಡು ಸಲವಾದರೂ ನೋಡಬೇಕು, ಕತ್ತಲಾಗುವ ಮೊದಲು ಮುಚ್ಚಬೇಕು. ಕೆಂಪು ಸಿಕ್ಕರೆ ಮುಟ್ಟದೆ ಅಲ್ಲೇ ಬಾಗಿಲು ತೆರೆದು ಬಿಡುವುದು. ಬೂದು ಸಿಕ್ಕರೆ ಬೋನಿನ ಬಾಯಿಗೆ ಗೋಣಿಚೀಲ ಹಿಡಿದು ಒಳಗೆ ಓಡಿಸಿ, ಚೀಲದ ಮೂಲೆಗೆ ತಲೆ ಸೇರುವಂತೆ ಸುತ್ತಿ, ತಲೆಯ ಹಿಂಭಾಗಕ್ಕೆ ಒಂದೇ ಬಲವಾದ ಪೆಟ್ಟು. ಇಲ್ಲವೇ ಬೋನಿನಲ್ಲೇ ಏರ್‌ಗನ್ನಿನಿಂದ ತಲೆಗೆ ಗುಂಡು. ಓದಲು ಹಿತವಾದ ವಿಷಯವಲ್ಲ. ಆದರೆ ಹಿಡಿದ ಬೂದು ಅಳಿಲನ್ನು ಮತ್ತೆ ಬಿಡುವುದು ಅಲ್ಲಿ ಕಾನೂನುಬಾಹಿರ. ನೀರಿನಲ್ಲಿ ಮುಳುಗಿಸುವುದೂ ನಿಷಿದ್ಧ. ಕೈ ನಡುಗುವವರು ಈ ಕೆಲಸಕ್ಕೆ ಬರಬಾರದು, ಎರಡನೆಯ ಪೆಟ್ಟು ಬೇಕಾದರೆ ಅದು ಹಿಂಸೆ. ತರಬೇತಿ ಇಲ್ಲದ ಉತ್ಸಾಹಿಗಳ ಕೈಗೆ ಬೋನು ಮಾತ್ರ ಕೊಟ್ಟು, ಕೊಲ್ಲಲು ತರಬೇತಾದವರನ್ನು ಕಳಿಸುವ ಏರ್ಪಾಡು ಇದರಿಂದಲೇ ಹುಟ್ಟಿದ್ದು.

ಬೂದು ಬಿದ್ದ ಬೋನನ್ನು ಸೋಂಕುನಿವಾರಕದಿಂದ ತೊಳೆಯದೆ ಮತ್ತೆ ಹೂಡುವಂತಿಲ್ಲ. ಸಿಡುಬಿನ ವೈರಸ್ ಬೋನಿನ ತಂತಿಯ ಮೇಲಿಂದ ಮುಂದಿನ ಕೆಂಪು ಅಳಿಲಿಗೆ ದಾಟಬಾರದು. ಇದೇ ಕಾರಣಕ್ಕೆ ಹಿತ್ತಿಲಿನ ಕಾಳಿನ ಪೆಟ್ಟಿಗೆಗಳೂ ಅಪಾಯದ ಜಾಗ. ಕಾಯಿಲೆಯ ಅಳಿಲು ಕಂಡ ಕೂಡಲೇ ಪೆಟ್ಟಿಗೆ ಇಳಿಸಿ ತೊಳೆದಿಡಬೇಕು.

ಋತುವಿನ ಲೆಕ್ಕವೂ ಮುಖ್ಯ. ಚಳಿಗಾಲದ ಕೊನೆಯಿಂದ ವಸಂತದವರೆಗೆ ಕಾಡಿನಲ್ಲಿ ತಿನಿಸು ಕಡಿಮೆ, ಬೋನಿಗೆ ಬೇಗ ಬರುತ್ತವೆ, ಆ ವರ್ಷದ ಮರಿಗಳು ಕಾಡಿಗೆ ಇಳಿಯುವ ಮುಂಚೆಯೇ ಸಂಖ್ಯೆ ಇಳಿಯುತ್ತದೆ. ಓಕ್ ಕಾಯಿ ಸಮೃದ್ಧವಾಗಿ ಬಿದ್ದ ಶರತ್ಕಾಲದಲ್ಲಿ ಬೋನಿನ ಜೋಳವನ್ನು ಯಾವ ಅಳಿಲೂ ಮೂಸುವುದಿಲ್ಲ. ಆ ತಿಂಗಳುಗಳಲ್ಲಿ ‘ಏನೂ ಸಿಗುತ್ತಿಲ್ಲ, ಅಳಿಲು ಮುಗಿದವು’ ಎಂದುಕೊಂಡು ಬೋನು ಎತ್ತಿದರೆ ಮುಂದಿನ ವಸಂತದಲ್ಲಿ ದುಪ್ಪಟ್ಟು ಇರುತ್ತವೆ, ಏಕೆಂದರೆ ಕಾಯಿ ಹೆಚ್ಚಾದ ವರ್ಷವೇ ಮರಿಯೂ ಹೆಚ್ಚು.

ಕೊನೆಯ ಕೆಲವು

1998ರಿಂದ 2013ರವರೆಗೆ ತೆಗೆದ ಬೂದು ಅಳಿಲು ಆರು ಸಾವಿರದ ಮೇಲೆ. ಇದರ ಹೆಚ್ಚಿನ ಪಾಲು ಸುಲಭದ್ದು. ಪ್ರತಿ 100 ಬೋನು-ದಿನಕ್ಕೆ (ಒಂದು ಬೋನು ಒಂದು ದಿನ ಹೂಡಿದ್ದರೆ ಒಂದು ಬೋನು-ದಿನ) ಎಷ್ಟು ಬಿದ್ದವು ಎಂಬ ಲೆಕ್ಕ ಇಟ್ಟರೆ, ಅಂಕಿ ಮೊದಲು ಸರಸರ ಇಳಿಯುತ್ತದೆ, ಆಮೇಲೆ ತಳಕ್ಕೆ ಅಂಟಿಕೊಂಡು ಉದ್ದಕ್ಕೆ ಹೋಗುತ್ತದೆ. ಆ ಉದ್ದದ ಬಾಲದಲ್ಲೇ ಯೋಜನೆಗಳು ಸಾಯುವುದು. ಒಂದು ಅಳಿಲಿಗೆ ತಿಂಗಳುಗಟ್ಟಲೆ ಬೋನು, ಆಳು, ಪೆಟ್ರೋಲು. ಹಣ ಕೊಡುವವರು ‘ಶೇಕಡಾ 95 ಆಯಿತಲ್ಲ’ ಎನ್ನುತ್ತಾರೆ. ಆದರೆ ಉಳಿದ ಶೇಕಡಾ 5ರಲ್ಲಿ ಒಂದು ಜೋಡಿ ಸಾಕು, ವರ್ಷಕ್ಕೆ ಎರಡು ಸೂಲು, ಸೂಲಿಗೆ ಮೂರು ಮರಿಯಂತೆ ಮತ್ತೆ ಶುರು.

ಈ ಹಂತದಲ್ಲಿ ಬೋನಿಗಿಂತ ಮುಂಚೆ ಹುಡುಕಾಟ ಬೇಕು. ಸುಮಾರು 30 ಸೆಂಟಿಮೀಟರ್ ಉದ್ದದ ಪೈಪಿನ ಒಳಮೇಲ್ಭಾಗಕ್ಕೆ ಅಂಟುಪಟ್ಟಿ ಹಚ್ಚಿ, ಒಳಗೆ ಕಾಳಿಟ್ಟು ಮರಕ್ಕೆ ಕಟ್ಟುತ್ತಾರೆ. ನುಗ್ಗಿದ ಅಳಿಲಿನ ಬೆನ್ನಿನ ಕೂದಲು ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಅಳಿಲಿನ ಕೂದಲಿಗೆ ಉದ್ದಕ್ಕೂ ಒಂದು ತೋಡು ಇರುತ್ತದೆ, ಬೂದಿನದು ದುಂಡು. ಬಣ್ಣ ನೋಡಿ ಹೇಳುವುದನ್ನು ನೆಚ್ಚುವಂತಿಲ್ಲ. ಬೇಸಿಗೆಯ ಬೂದು ಅಳಿಲಿನ ಮೈಮೇಲೆ ಕೆಂಪು ಛಾಯೆ ಇರುತ್ತದೆ, ಚಳಿಗಾಲದ ಕೆಂಪು ಅಳಿಲು ಬೂದಾಗಿ ಕಾಣುತ್ತದೆ. ಜನ ಕಳಿಸುವ ‘ಬೂದು ಕಂಡೆ’ ಸುದ್ದಿಗಳಲ್ಲಿ ಇದರಿಂದಾಗುವ ಗೊಂದಲ ಕಡಿಮೆಯೇನಲ್ಲ.

ಹಿಡಿದ ಬೂದು ಅಳಿಲುಗಳ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದು ಇನ್ನೊಂದು ಒಳ್ಳೆಯ ತೀರ್ಮಾನ. ವರ್ಷದಿಂದ ವರ್ಷಕ್ಕೆ ಅಳಿಲಿನ ದಟ್ಟಣೆ ಇಳಿದ ಹಾಗೆ, ಅವುಗಳಲ್ಲಿ ಸಿಡುಬಿನ ಪ್ರತಿಕಾಯ ಇರುವವುಗಳ ಪ್ರಮಾಣವೂ ಇಳಿಯಿತು. ಅಂದರೆ ಬೂದು ಪೂರ್ತಿ ಹೋಗುವ ಮೊದಲೇ ರೋಗದ ಸರಪಣಿ ಸಡಿಲವಾಗುತ್ತದೆ. ಅಳಿಲು ವಿರಳವಾದರೆ ಸೋಂಕಿತ ಅಳಿಲಿಗೆ ಸೋಂಕಿಲ್ಲದ ಎಳೆಯ ಅಳಿಲು ಎದುರಾಗುವುದೇ ಕಡಿಮೆ. ನಿರ್ಮೂಲನ ಸಾಧ್ಯವಿಲ್ಲದ ಕಡೆಯೂ ಬಿಗಿಯಾದ, ನಿರಂತರವಾದ ಹತೋಟಿಗೆ ಬೆಲೆಯಿದೆ ಎನ್ನಲು ಸಿಕ್ಕ ಗಟ್ಟಿ ಆಧಾರ ಇದು. ‘ನಿರಂತರ’ ಎಂಬ ಪದವನ್ನು ಮಾತ್ರ ಬಿಡುವಂತಿಲ್ಲ.

ಕೆಂಪನ್ನು ಮರಳಿ ತರುವುದು

ಬೂದು ಹೋದ ಕಾಡಿಗೆ ಕೆಂಪು ತಾನಾಗಿಯೇ ಬರುತ್ತದೆಯೇ? ಪಕ್ಕದಲ್ಲಿದ್ದರೆ ಬರುತ್ತದೆ. ಆದರೆ ದ್ವೀಪದ ನೈಋತ್ಯದ ನ್ಯೂಬರೋ ಕಾಡು ಪೆಂಟ್ರೈತ್‌ನಿಂದ ದೂರ, ನಡುವೆ ಬಯಲು. 1940ರ ದಶಕದ ಕೊನೆಯಿಂದ ಮರಳುದಿಬ್ಬದ ಮೇಲೆ ನೆಟ್ಟ ಕಾರ್ಸಿಕನ್ ಪೈನ್ ಅದು. 2004ರಿಂದ ಅಲ್ಲಿಗೆ ಮೃಗಾಲಯಗಳಂಥ ಕಡೆ ಸಾಕಿ ಬೆಳೆಸಿದ ಕೆಂಪು ಅಳಿಲುಗಳನ್ನು ತಂದು ಬಿಡಲಾಯಿತು. ಇದಕ್ಕೆ ಇನ್ನೂ ಒಂದು ಕಾರಣವಿತ್ತು. ದ್ವೀಪದ ಮೂಲ ಗುಂಪಿನಲ್ಲಿ ತಾಯಿಕಡೆಯ ವಂಶವಾಹಿ ಗೆರೆ ಒಂದೇ ಇತ್ತು. ನಲವತ್ತರಿಂದ ಬೆಳೆದ ಕುಟುಂಬಕ್ಕೆ ಹೊಸ ರಕ್ತ ಬೇಕಿತ್ತು.

ತಂದ ಕೂಡಲೇ ಕಾಡಿಗೆ ಬಿಡುವ ಕ್ರಮವಲ್ಲ ಇದು. ಮರಗಳನ್ನೇ ಒಳಗೊಂಡ ಜಾಲರಿ ಆವರಣದಲ್ಲಿ ಕೆಲವು ವಾರ ಇಟ್ಟು, ಪೈನ್ ಕಾಯಿ ಬಿಡಿಸಿ ತಿನ್ನುವುದು ರೂಢಿಯಾದ ಮೇಲೆ ಬಾಗಿಲು ತೆರೆಯುವುದು. ಸುತ್ತ ಗೂಡುಪೆಟ್ಟಿಗೆ, ಸ್ವಲ್ಪ ಕಾಲ ಕಾಳು, ಕೊರಳಿಗೆ ರೇಡಿಯೋ ಪಟ್ಟಿ. ತೊಂದರೆ ಬಂದದ್ದು ನಿರೀಕ್ಷಿಸಿದ ಕಡೆಯಿಂದಲ್ಲ. ಸಿಡುಬಿನ ಮೇಲೆ ಎಲ್ಲರ ಕಣ್ಣಿದ್ದಾಗ ಕೆಲವು ಸಾವುಗಳ ಹಿಂದೆ ಅಡಿನೋವೈರಸ್ ಪತ್ತೆಯಾಯಿತು. ಇದು ಕರುಳಿಗೆ ತಗಲುತ್ತದೆ, ಹೊರಗೆ ಹುಣ್ಣು ಕಾಣುವುದಿಲ್ಲ. ಅಂದಿನಿಂದ ಸತ್ತ ಪ್ರತಿ ಕೆಂಪು ಅಳಿಲನ್ನೂ, ರಸ್ತೆಯಲ್ಲಿ ಕಾರಿಗೆ ಸಿಕ್ಕಿದ್ದನ್ನೂ, ಶವಪರೀಕ್ಷೆಗೆ ಕಳಿಸುವುದು ಬಿಡಿ ಸಲಹೆಯಾಗಿ ಉಳಿಯಲಿಲ್ಲ, ಯೋಜನೆಯ ಭಾಗವೇ ಆಯಿತು.

ಇನ್ನೊಂದು ಫಲಿತಾಂಶ ಹಳೆಯ ನಂಬಿಕೆಯೊಂದನ್ನು ಕೆಡವಿತು. ಬ್ರಿಟನ್ನಿನಲ್ಲಿ ಕೆಂಪು ಅಳಿಲು ಪೈನ್, ಸ್ಪ್ರೂಸ್ ಕಾಡುಗಳಲ್ಲೇ ಹೆಚ್ಚು ಉಳಿದಿದ್ದರಿಂದ ಅದು ಸೂಚಿಪರ್ಣಿ ಕಾಡಿನ ಪ್ರಾಣಿ ಎಂಬ ಮಾತು ಬೇರೂರಿತ್ತು. ಆಂಗಲ್‌ಸೀಯಲ್ಲಿ ಬೂದು ಹೋದ ಮೇಲೆ ಕೆಂಪು ಅಳಿಲು ಅಗಲ ಎಲೆಯ ಕಾಡಿಗೆ, ಗಿಡಬೇಲಿಗೆ, ಊರೊಳಗಿನ ಹಿತ್ತಿಲಿಗೆ ನಡೆದು ಬಂತು, ಚೆನ್ನಾಗಿಯೇ ಬದುಕಿತು. ಪೈನ್ ಕಾಡು ಅದರ ಆಯ್ಕೆಯಾಗಿರಲಿಲ್ಲ. ಬೂದು ಅಳಿಲಿಗೆ ಅಷ್ಟಾಗಿ ಹೊಂದದ್ದರಿಂದ ಉಳಿದ ಆಶ್ರಯವಾಗಿತ್ತು.

ಜಲಸಂಧಿಯ ಆಚೆ

2013ರ ನಂತರದ ಕೆಲಸ ದ್ವೀಪಕ್ಕಿಂತ ಹೆಚ್ಚಾಗಿ ಎದುರಿನ ಗ್ವಿನೆದ್ ಕೌಂಟಿಯದ್ದು. ಸೇತುವೆಗಳನ್ನು ಮುಚ್ಚಲಾಗದು. ಆದ್ದರಿಂದ ಬ್ಯಾಂಗರ್ ಪಟ್ಟಣದ ಸುತ್ತಿನ ಕಾಡುಗಳಲ್ಲಿ ಬೂದು ಅಳಿಲನ್ನು ಕಡಿಮೆ ಮಾಡುತ್ತಾ ತಡೆವಲಯ ಕಟ್ಟುವ ತೀರ್ಮಾನವಾಯಿತು. ಕೆಂಪು ಅಳಿಲುಗಳೂ ಜಲಸಂಧಿ ದಾಟಿ ಆ ಕಾಡುಗಳಲ್ಲಿ ನೆಲೆಯಾದವು. ಇದನ್ನು ಎಲ್ಲರೂ ಗೆಲುವು ಎಂದೇ ಎಣಿಸಿದರು.

ಆದರೆ ಮುಖ್ಯನಾಡಿನಲ್ಲಿ ಬೂದು ಅಳಿಲಿನ ನೆರೆ ಎಂದಿಗೂ ತಪ್ಪುವುದಿಲ್ಲ. 2020ರ ಕೊನೆ ಮತ್ತು 2021ರಲ್ಲಿ ಬ್ಯಾಂಗರ್ ಬಳಿ ಸಿಡುಬು ಕಾಣಿಸಿಕೊಂಡಿತು, ಅಲ್ಲಿನ ಕೆಂಪು ಅಳಿಲುಗಳ ಬಹುಪಾಲು ಸತ್ತವು. ತಡೆವಲಯಕ್ಕೂ ನಿರ್ಮೂಲನಕ್ಕೂ ಇರುವ ಅಂತರ ಇದೇ. ತಡೆವಲಯದಲ್ಲಿ ಬೋನಿನ ಕೆಲಸ ಒಂದು ಋತು ನಿಂತರೂ ಸಾಕು, ಬೂದು ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲದೆ ಅಲ್ಲಿ ಬದುಕುವ ಕೆಂಪು ಅಳಿಲುಗಳೇ ರೋಗವನ್ನು ಸೇತುವೆಯವರೆಗೆ ತರುವ ಕೊಂಡಿಯಾಗಬಹುದು. ಹಾಗಿದ್ದರೆ ಆಚೆಯ ದಡದಲ್ಲಿ ಕೆಂಪು ಅಳಿಲನ್ನು ಬೆಳೆಸಬೇಕೆ, ಇಲ್ಲ ಎರಡೂ ಅಳಿಲಿಲ್ಲದ ಖಾಲಿ ಪಟ್ಟಿಯನ್ನೇ ಇಟ್ಟುಕೊಳ್ಳಬೇಕೆ? ಎರಡನೆಯದು ಕಾಗದದ ಮೇಲೆ ಸುರಕ್ಷಿತ. ಕೆಂಪು ಅಳಿಲನ್ನು ಹಿತ್ತಿಲಲ್ಲಿ ಕಂಡು ಬೋನು ನೋಡಿಕೊಳ್ಳಲು ಮುಂದೆ ಬಂದ ಊರವರನ್ನು ಮಾತ್ರ ಅದು ಕಳೆದುಕೊಳ್ಳುತ್ತದೆ. ಸದ್ಯ ಮೊದಲನೆಯದೇ ನಡೆಯುತ್ತಿದೆ. ಅದೇ ಸರಿ ಎಂದು ತೋರುತ್ತದೆ.

ಇಟಲಿಯ ಜೊತೆ ಇಟ್ಟು ನೋಡಿದರೆ

ಇಟಲಿಯ ಟ್ಯುರಿನ್ ಬಳಿಯ ಸ್ಟುಪಿನೀಜಿಯಲ್ಲಿ 1948ರಲ್ಲಿ ಬಿಟ್ಟ ಬೂದು ಅಳಿಲು ನಾಲ್ಕೇ ನಾಲ್ಕು. 1997ರಲ್ಲಿ ಅವುಗಳ ಸಂತತಿ ಪೀಡ್ಮಾಂಟ್ ಪ್ರಾಂತ್ಯದ ಒಂದು ಭಾಗದಲ್ಲಷ್ಟೇ ಇದ್ದಾಗ, ರಾಕೊನೀಜಿ ಉದ್ಯಾನದಲ್ಲಿ ಪ್ರಾಯೋಗಿಕವಾಗಿ ತೆಗೆಯುವ ಕೆಲಸ ಶುರುವಾಯಿತು. ಬೋನು, ಅರಿವಳಿಕೆ ಕೊಟ್ಟು ನೋವಿಲ್ಲದ ಸಾವು, ಎಲ್ಲ ಎಚ್ಚರಿಕೆಯಿಂದಲೇ ನಡೆದಿತ್ತು. ಪ್ರಾಣಿಹಕ್ಕು ಗುಂಪುಗಳು ನ್ಯಾಯಾಲಯಕ್ಕೆ ಹೋದವು, ಕೆಲಸ ನಿಂತಿತು. 2000ದಲ್ಲಿ ಅಧಿಕಾರಿಗಳು ನಿರ್ದೋಷಿಗಳೆಂದು ತೀರ್ಪು ಬರುವಷ್ಟರಲ್ಲಿ ಅಳಿಲು ತುಂಬ ಹಬ್ಬಿ, ನಿರ್ಮೂಲನದ ಅವಕಾಶ ಕೈತಪ್ಪಿತ್ತು.

ಬೋನಿನ ತಂತ್ರದಲ್ಲಿ ಎರಡೂ ಕಡೆ ದೊಡ್ಡ ವ್ಯತ್ಯಾಸವಿಲ್ಲ. ಆಂಗಲ್‌ಸೀಯಲ್ಲಿ ಕೆಲಸ ಕೆಂಪು ಅಳಿಲಿನಿಂದ ಆರಂಭವಾಯಿತು. ಜನರ ಕಣ್ಣೆದುರು ಉಳಿಸಬೇಕಾದ ಪ್ರಾಣಿ ಇತ್ತು, ಅದು ಹೆಚ್ಚುವುದು ಕಾಣುತ್ತಿತ್ತು. ರಾಕೊನೀಜಿಯಲ್ಲಿ ಜನ ಮೊದಲು ಕಂಡದ್ದು ಉದ್ಯಾನದ ಅಳಿಲು ಸಾಯುವುದನ್ನು. ವಿರೋಧಿಗಳನ್ನು ಮೂಢರೆಂದು ತಳ್ಳಿಹಾಕುವುದರಲ್ಲಿ ಹುರುಳಿಲ್ಲ, ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಬೋನು ಇಡುವ ಮೊದಲೇ ಕೊಟ್ಟಿರಬೇಕಿತ್ತು.

ಬೇರೆ ಕಡೆಗೆ ಒಯ್ಯುವಾಗ

ಆಂಗಲ್‌ಸೀ ಮಾದರಿಯನ್ನು ಮುಖ್ಯನಾಡಿನ ದೊಡ್ಡ ಕಾಡಿಗೆ ಹಾಗೆಯೇ ಎತ್ತಿಡಲಾಗದು. ಬ್ರಿಟನ್ನಿನಲ್ಲಿ ಬೂದು ಅಳಿಲು 25 ಲಕ್ಷದ ಮೇಲಿದೆ, ಎಲ್ಲವನ್ನೂ ಬೋನಿನಿಂದ ತೆಗೆಯುವ ಮಾತೇ ಇಲ್ಲ. ದಾಟಲು ಕಷ್ಟವಾದ ಗಡಿ ಇರುವ ಕಡೆ, ಗಡಿಯಾಚೆಗೂ ಕೆಲಸ ಮಾಡಲು ಹಣವಿದ್ದಾಗ ನಿರ್ಮೂಲನಕ್ಕೆ ಕೈಹಾಕಬಹುದು. ಮುಗಿದ ಮೇಲಿನ ಕಾವಲಿನ ಹಣವನ್ನು ಆರಂಭದ ಬಜೆಟ್ಟಿನಲ್ಲೇ ಸೇರಿಸಬೇಕು. ಬೂದು ಇಲ್ಲವಾಯಿತು ಎಂಬ ಘೋಷಣೆಯ ಮರುವರ್ಷವೇ ಅನುದಾನ ನಿಲ್ಲುವುದು ಇಂಥ ಯೋಜನೆಗಳಿಗೆ ಮಾಮೂಲಿ ಪೆಟ್ಟು.

ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಪೈನ್ ಮಾರ್ಟೆನ್ ಎಂಬ, ಬೆಕ್ಕಿನ ಗಾತ್ರದ ಮರವೇರುವ ಬೇಟೆಪ್ರಾಣಿ ಚೇತರಿಸಿಕೊಂಡ ಕಡೆ ಬೂದು ಅಳಿಲು ಇಳಿದಿರುವುದು, ಕೆಂಪು ಮರಳಿರುವುದು ದಾಖಲಾಗಿದೆ. ಆದರೆ ಅದು ಕಾಡಿನ ಪ್ರಾಣಿ, ಪಟ್ಟಣದ ಪಾರ್ಕಿಗೆ ಬರುವುದು ಅಪರೂಪ, ಬೂದು ಅಳಿಲು ಅಲ್ಲೇ ಉಳಿದುಕೊಳ್ಳುತ್ತದೆ. ಬ್ರಿಟನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಬಾಯಿಯ ಮೂಲಕ ಕೊಡುವ ಗರ್ಭನಿರೋಧಕ ಸಿದ್ಧವಾಗುತ್ತಿದೆ. ಅದಕ್ಕಾಗಿ ಪರೀಕ್ಷಿಸಿರುವ ಕಾಳಿನ ಪೆಟ್ಟಿಗೆಯ ಬಾಗಿಲು ಭಾರದ್ದು, ತೂಕದ ಬೂದು ಅಳಿಲು ತಳ್ಳಿ ಒಳಹೋಗುತ್ತದೆ, ಹಗುರ ಕೆಂಪಿಗೆ ಆಗದು. ಎಳೆಯ ಬೂದು ಅಳಿಲಿನ ತೂಕ ವಯಸ್ಕ ಕೆಂಪಿನಷ್ಟೇ ಇರುವುದರಿಂದ, ಕೆಂಪನ್ನು ಹೊರಗಿಡುವಷ್ಟು ಭಾರದ ಬಾಗಿಲು ಆ ವಯಸ್ಸಿನ ಬೂದನ್ನೂ ಹೊರಗಿಡುತ್ತದೆ. ಮರಿ ಹಾಕುವ ವಯಸ್ಸಿಗೆ ಬರುವಷ್ಟರಲ್ಲಿ ಅವು ತೂಕ ಪಡೆದು ಪೆಟ್ಟಿಗೆಗೆ ಬರಬೇಕು, ಬೇಕಾದಷ್ಟು ಮದ್ದು ತಿನ್ನಬೇಕು, ವರ್ಷವೂ ಮರಳಿ ಬರಬೇಕು. ಅಲ್ಲಿಯವರೆಗೆ ದ್ವೀಪದಲ್ಲಿ ‘ಬೂದು ಕಂಡೆ’ ಎಂಬ ಸುದ್ದಿ ಬಂದಾಗ ಮಾಡುವ ಕೆಲಸ ಹಳೆಯದೇ: ಮರಕ್ಕೆ ಕ್ಯಾಮೆರಾ, ಕೂದಲಿನ ಪೈಪು, ಖಚಿತವಾದರೆ ಬಾಗಿಲು ಕಟ್ಟಿದ ಬೋನಿನಲ್ಲಿ ಒಂದು ವಾರದ ಮೆಕ್ಕೆಜೋಳ.